ಕಾರ್ಡ್ ಮುಟ್ಟಿಸಿ, ಹಾಡು ಹಚ್ಚಿ: ಎನ್‌ಎಫ್‌ಸಿ ಟ್ಯಾಗ್‌ನಿಂದ ಮನೆಯಲ್ಲಿ ಸಂಗೀತ ಕೇಳಲು ಸಮಗ್ರ ಮಾರ್ಗದರ್ಶಿ

ನಮ್ಮ ಕಲಬುರಗಿ ಕಡೆ ಹಾಡು ಹಾಕುವುದಿಲ್ಲ, ಹಚ್ಚುತ್ತೇವೆ. ಫ್ಯಾನ್ ಹಚ್ಚು, ಟಿವಿ ಹಚ್ಚು, ಹಾಡು ಹಚ್ಚು. "ತಮ್ಮಾ, ಒಂದ್ ವಚನ ಹಚ್ಚೋ" ಅಂತ ನಮ್ಮವ್ವ ದಿನಕ್ಕೆ ಏಳೆಂಟು ಸಲ ಕರೆಯುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗಿ ನಾಲ್ಕು ವರ್ಷ ಆಯಿತು. ಎದುರಿಗೆ ಯಾರು ಬಂದರು ಅಂತ ಗೊತ್ತಾಗುತ್ತದೆ, ಫೋನಿನ ಪರದೆ ಮೇಲೆ ಏನಿದೆ ಅಂತ ಗೊತ್ತಾಗುವುದಿಲ್ಲ.

ರೇಡಿಯೊ ಇದ್ದಾಗ ತಿರುಗಿಸುವ ಗುಂಡಿ ಕೈಗೆ ಸಿಗುತ್ತಿತ್ತು. ಟೇಪ್ ರೆಕಾರ್ಡರ್ ಇದ್ದಾಗ ಯಾವ ಕ್ಯಾಸೆಟ್ ಯಾವ ಮೂಲೆಯಲ್ಲಿದೆ ಅಂತ ಅವ್ವನಿಗೆ ಬಾಯಿಪಾಠ. ಈಗ ಲೆಕ್ಕವಿಲ್ಲದಷ್ಟು ಹಾಡು ಫೋನಿನಲ್ಲಿವೆ, ಆದರೆ ಹಿಡಿಯಲು ಏನೂ ಇಲ್ಲ. ನಯವಾದ ಗಾಜು ಅಷ್ಟೇ. ನಾನು ಡ್ಯೂಟಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆ ಸುಮ್ಮನಾಗುತ್ತಿತ್ತು. ಕೊನೆಕೊನೆಗೆ ಅವ್ವ ಕೇಳುವುದನ್ನೇ ಬಿಟ್ಟಳು. "ಇರ್ಲಿ ಬಿಡು, ನಿಮಗೂ ಕೆಲ್ಸ ಇರ್ತಾವ" ಅಂದಳು. ಆ ಮಾತು ನನಗೆ ಬಹಳ ಚುಚ್ಚಿತು.

ಈಗ ಅವಳ ಹತ್ತಿರ ಒಂಬತ್ತು ಕಾರ್ಡ್‌ಗಳಿವೆ. ಬೇಕಾದ ಕಾರ್ಡ್ ತೆಗೆದು ಗೂಡಿನಲ್ಲಿರುವ ಹಳೆ ಫೋನಿಗೆ ಮುಟ್ಟಿಸುತ್ತಾಳೆ. ಸ್ಪೀಕರ್‌ನಿಂದ ಹಾಡು ಬರುತ್ತದೆ. ಯಾರನ್ನೂ ಕರೆಯಬೇಕಾಗಿಲ್ಲ. ಇದನ್ನು ಹೇಗೆ ಮಾಡಿದೆ, ಎಲ್ಲೆಲ್ಲಿ ತಪ್ಪಿದೆ, ನೀವು ಮಾಡುವಾಗ ಏನು ನೋಡಿಕೊಳ್ಳಬೇಕು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಹಿರಿಯರಿಗೆ ಅಂತಲೇ ಅಲ್ಲ, ಫೋನ್ ಕೈಗೆ ಕೊಡಲು ಇಷ್ಟವಿಲ್ಲದ ಚಿಕ್ಕ ಮಕ್ಕಳಿಗೂ ಇದೇ ರೀತಿ ಮಾಡಬಹುದು.

ಟ್ಯಾಗ್ ಒಳಗೆ ಹಾಡು ಇರುವುದಿಲ್ಲ

ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎನ್‌ಎಫ್‌ಸಿ (NFC) ಅಂದರೆ ತೀರ ಹತ್ತಿರ ತಂದಾಗ ಎರಡು ಸಾಧನಗಳು ತಂತಿಯಿಲ್ಲದೆ ಮಾತಾಡಿಕೊಳ್ಳುವ ತಂತ್ರ. ಎನ್‌ಎಫ್‌ಸಿ ಟ್ಯಾಗ್ ಅಂದರೆ ಕಾಗದದಷ್ಟು ತೆಳುವಾದ ಒಂದು ಸ್ಟಿಕರ್. ಅದರೊಳಗೆ ಸಾಸಿವೆಗಿಂತ ಚಿಕ್ಕ ಚಿಪ್ ಮತ್ತು ಅದರ ಸುತ್ತ ಸುರುಳಿ ಸುತ್ತಿದ ತೆಳು ತಂತಿ ಇರುತ್ತದೆ. ಬ್ಯಾಟರಿ ಇಲ್ಲ. ಫೋನ್ ಹತ್ತಿರ ಬಂದಾಗ ಫೋನಿನಿಂದಲೇ ಆ ಸುರುಳಿಗೆ ಕರೆಂಟ್ ಸಿಗುತ್ತದೆ, ಚಿಪ್ ಎಚ್ಚರವಾಗಿ ತನ್ನಲ್ಲಿ ಬರೆದಿರುವುದನ್ನು ಹೇಳುತ್ತದೆ. ಇದು 13.56 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ದೂರ ಹೆಚ್ಚೆಂದರೆ 4 ಸೆಂಟಿಮೀಟರ್. ಮನೆಯಲ್ಲಿ ಬಳಸುವಾಗ ಮುಟ್ಟಿಸಿದರೇ ಸರಿ ಅಂತ ಇಟ್ಟುಕೊಳ್ಳಿ.

ಸಾಮಾನ್ಯವಾಗಿ ಸಿಗುವ ಎನ್‌ಟ್ಯಾಗ್ 213 ಚಿಪ್‌ನಲ್ಲಿ ನಾವು ಬರೆಯಬಹುದಾದ ಜಾಗ ಬರೀ 144 ಬೈಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಅಂತ ಲೆಕ್ಕ. ಹಾಡು ಹೋಗಲಿ, ಹಾಡಿನ ಒಂದು ಕ್ಷಣದ ದನಿಯೂ ಅದರಲ್ಲಿ ಹಿಡಿಯುವುದಿಲ್ಲ. ಅಲ್ಲಿ ಬರೆಯುವುದು ಹಾಡಿನ ವಿಳಾಸ, ಅಂದರೆ ಲಿಂಕ್. ಫೋನ್ ಆ ಲಿಂಕ್ ಓದಿ, ಯೂಟ್ಯೂಬೋ ಸ್ಪಾಟಿಫೈಯೋ ತೆರೆದು, ಇಂಟರ್ನೆಟ್‌ನಿಂದ ಹಾಡು ತರುತ್ತದೆ.

ಮೊದಲು ಫೋನ್ ನೋಡಿ

ಟ್ಯಾಗ್ ಕೊಳ್ಳುವ ಮೊದಲೇ ನಿಮ್ಮ ಫೋನಿನಲ್ಲಿ ಎನ್‌ಎಫ್‌ಸಿ ಇದೆಯಾ ನೋಡಿ. ಕಡಿಮೆ ಬೆಲೆಯ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಇದು ಇರುವುದಿಲ್ಲ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ಎನ್‌ಎಫ್‌ಸಿ ಅಂತ ಟೈಪ್ ಮಾಡಿ. ಬಂದರೆ ಇದೆ, ಆನ್ ಮಾಡಿ. ಏನೂ ಬರದಿದ್ದರೆ ಇಲ್ಲ ಅಂತ ಅರ್ಥ, ಆಗ ಕ್ಯೂಆರ್ ಕೋಡ್ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಐಫೋನ್ ಇದ್ದವರಿಗೆ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡುವ ಕೆಲಸವಿಲ್ಲ. 2018ರಲ್ಲಿ ಬಂದ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರ ಬಂದವು ಯಾವ ಆ್ಯಪ್ ತೆರೆಯದೆಯೂ ಟ್ಯಾಗ್ ಓದುತ್ತವೆ. ಪರದೆ ಬೆಳಗಿರಬೇಕು, ಅಷ್ಟೇ. ಐಫೋನ್ 7, 8 ಮತ್ತು ಎಕ್ಸ್ ಮಾಡೆಲ್‌ಗಳಲ್ಲಿ ಆ್ಯಪ್ ತೆರೆದೇ ಓದಿಸಬೇಕು. ಹಾಗಾಗಿ ಈ ಕೆಲಸಕ್ಕೆ ಅವು ಅಷ್ಟು ಅನುಕೂಲವಲ್ಲ.

ಇನ್ನೊಂದು ವಿಷಯ. ಫೋನಿನಲ್ಲಿ ಎನ್‌ಎಫ್‌ಸಿ ಓದುವ ಜಾಗ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ. ಐಫೋನ್‌ನಲ್ಲಿ ಅದು ತಲೆಯ ಕಡೆ. ಆಂಡ್ರಾಯ್ಡ್‌ನಲ್ಲಿ ಒಂದೊಂದರಲ್ಲಿ ಒಂದೊಂದು ಕಡೆ, ಹೆಚ್ಚಾಗಿ ಬೆನ್ನಿನ ನಡುಮಧ್ಯ ಅಥವಾ ಕ್ಯಾಮೆರಾ ಹತ್ತಿರ. ಟ್ಯಾಗ್ ಹಿಡಿದು ನಿಧಾನವಾಗಿ ಬೆನ್ನಿನ ಮೇಲೆ ಸರಿಸುತ್ತಾ ಹೋಗಿ, ಟಿಣ್ ಅಂತ ಸದ್ದು ಬಂದಲ್ಲಿ ನಿಲ್ಲಿಸಿ. ನಾನು ಆ ಜಾಗಕ್ಕೆ ಒಂದು ಟಿಕಳಿ ಅಂಟಿಸಿದೆ. ಅವ್ವ ದಿನಾ ಹಣೆಗೆ ಹಚ್ಚುವಂಥದೇ ಟಿಕಳಿ. ಬೆರಳಿಗೆ ತಾಗುತ್ತದೆ, ಕಾರ್ಡ್ ಎಲ್ಲಿ ಹಿಡಿಯಬೇಕು ಅಂತ ಕಣ್ಣಿಲ್ಲದೆಯೂ ಗೊತ್ತಾಗುತ್ತದೆ.

ಯಾವ ಟ್ಯಾಗ್ ಕೊಳ್ಳಬೇಕು

ನಾನು ಮೊದಲ ಸಲ ಮೋಸ ಹೋದದ್ದು ಇಲ್ಲೇ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕವು ಅಂತ ಹತ್ತು ಬಿಳಿ ಕಾರ್ಡ್ ತರಿಸಿದೆ. 13.56 ಮೆಗಾಹರ್ಟ್ಸ್ ಅಂತಲೇ ಬರೆದಿತ್ತು. ನನ್ನ ಫೋನ್ ಓದಿತು, ತಂಗಿಯ ಐಫೋನ್ ತುಟಿಪಿಟಕ್ಕೆನ್ನಲಿಲ್ಲ. ಅವು ಮೈಫೇರ್ ಕ್ಲಾಸಿಕ್ ಕಾರ್ಡ್‌ಗಳು. ಹಾಜರಿ ಹಾಕಲು, ಬಾಗಿಲು ತೆರೆಯಲು ಬಳಸುವ ಹಳೆ ಜಾತಿ. ಎಲ್ಲ ಫೋನುಗಳೂ ಅವನ್ನು ಒಪ್ಪುವುದಿಲ್ಲ. ಇನ್ನು 125 ಕಿಲೋಹರ್ಟ್ಸ್ ಅಂತ ಬರೆದ ಕಾರ್ಡ್‌ಗಳನ್ನಂತೂ ಯಾವ ಫೋನಿನ ಎನ್‌ಎಫ್‌ಸಿಯೂ ಓದುವುದಿಲ್ಲ.

ಆದ್ದರಿಂದ ಕೊಳ್ಳುವಾಗ ಒಂದೇ ಹೆಸರು ನೆನಪಿಡಿ: ಎನ್‌ಟ್ಯಾಗ್. 213ರಲ್ಲಿ 144 ಬೈಟ್, 215ರಲ್ಲಿ 504, 216ರಲ್ಲಿ 888 ಬೈಟ್ ಜಾಗ ಇರುತ್ತದೆ. ಹಾಡಿನ ಲಿಂಕ್‌ಗೆ 213 ಸಾಕೇ ಸಾಕು, ಜಾಸ್ತಿ ಹಣ ಕೊಡಬೇಡಿ. ಲೆಕ್ಕ ನೋಡಿ. ಸ್ಪಾಟಿಫೈ ಪ್ಲೇಲಿಸ್ಟ್ ಲಿಂಕ್‌ನಲ್ಲಿ 56 ಅಕ್ಷರ ಇರುತ್ತವೆ. ಲಿಂಕಿನ ಶುರುವಿನಲ್ಲಿ ಬರುವ ಎಚ್‌ಟಿಟಿಪಿಎಸ್ ಭಾಗವನ್ನು ಟ್ಯಾಗ್ ಒಂದೇ ಬೈಟ್‌ನಲ್ಲಿ ಬರೆದುಕೊಳ್ಳುತ್ತದೆ. ಎಲ್ಲ ಸೇರಿ ಅರವತ್ತು ಬೈಟ್ ಒಳಗೇ ಮುಗಿಯುತ್ತದೆ. ಬೇಕಾದಷ್ಟು ಸಲ ಅಳಿಸಿ ಬರೆಯಬಹುದು. ತಯಾರಿಸುವ ಎನ್‌ಎಕ್ಸ್‌ಪಿ ಕಂಪನಿ ಹೇಳುವಂತೆ ಒಂದು ಲಕ್ಷ ಸಲ.

ಆಕಾರದ ವಿಷಯಕ್ಕೆ ಬಂದರೆ, 25 ಮಿಲಿಮೀಟರ್ ಅಗಲದ ದುಂಡನೆ ಸ್ಟಿಕರ್ ಒಳ್ಳೆಯದು. ಅದಕ್ಕಿಂತ ಚಿಕ್ಕದು ಬೇಡ. ಸುರುಳಿ ಚಿಕ್ಕದಾದಷ್ಟೂ ಫೋನಿಗೆ ಹಿಡಿಯುವುದು ಕಷ್ಟ. ನಾನು ಎರಡನೇ ಸಲ ಹತ್ತು ಸ್ಟಿಕರ್‌ಗೆ 350 ರೂಪಾಯಿ ಕೊಟ್ಟೆ.

ಲಿಂಕ್ ಸಿದ್ಧ ಮಾಡಿಕೊಳ್ಳಿ

ಒಂದೊಂದು ಹಾಡಿಗೆ ಒಂದೊಂದು ಕಾರ್ಡ್ ಮಾಡಬೇಡಿ. ಒಂದು ಬಗೆಗೆ ಒಂದು ಪ್ಲೇಲಿಸ್ಟ್ ಮಾಡಿ, ಅದರ ಲಿಂಕ್ ಬರೆಯಿರಿ. ಇದರ ಲಾಭ ದೊಡ್ಡದು. ನಾಳೆ ಹೊಸ ಹಾಡು ಸೇರಿಸಬೇಕೆಂದರೆ ಕಾರ್ಡ್ ಮುಟ್ಟಬೇಕಾಗಿಲ್ಲ. ಪ್ಲೇಲಿಸ್ಟ್‌ಗೆ ಸೇರಿಸಿದರೆ ಆಯಿತು. ನಾನು ಊರಲ್ಲಿ ಇಲ್ಲದಾಗಲೂ ನನ್ನ ಫೋನಿನಿಂದಲೇ ಅವ್ವನ ಕಾರ್ಡ್‌ಗೆ ಹಾಡು ಸೇರಿಸುತ್ತೇನೆ.

ನಮ್ಮ ಮನೆಯ ಪ್ಲೇಲಿಸ್ಟ್‌ಗಳಲ್ಲಿ ಕೆಲವು ಇವು: ಬೆಳಗಿನ ವಚನ, ತತ್ವಪದ, ಭಜನೆ, ಹಳೆ ಸಿನಿಮಾ ಹಾಡು, ಹಿಂದೂಸ್ತಾನಿ ಗಾಯನ, ಮೊಮ್ಮಕ್ಕಳ ಕಥೆ. ಖವ್ವಾಲಿಯದೂ ಒಂದಿದೆ. ಬಂದೇ ನವಾಜ್ ದರ್ಗಾದ ಉರುಸು ನೋಡುತ್ತ ಬೆಳೆದವಳು ಅವ್ವ. ಶರಣಬಸವೇಶ್ವರ ಗುಡಿಯ ಭಜನೆ ಎಷ್ಟು ಇಷ್ಟವೋ ಅದೂ ಅಷ್ಟೇ ಇಷ್ಟ. ಹಾಡುಗಳನ್ನು ಅವ್ವನ ಜೊತೆ ಕೂತು ಆರಿಸಿ. ನಮಗೆ ಇಷ್ಟವಾದದ್ದನ್ನು ಅವರ ಕಾರ್ಡ್‌ಗೆ ತುಂಬುವುದು ಸರಿಯಲ್ಲ. ನಾವು ಒಂದು ಭಾನುವಾರ ಪೂರ್ತಿ ಇದಕ್ಕೇ ಕೂತೆವು. ಒಂದೇ ವಚನವನ್ನು ಐದು ಮಂದಿ ಹಾಡಿದ್ದು ಕೇಳಿಸಿದರೆ, "ಇದಲ್ಲ, ಇದಲ್ಲ" ಅಂತ ತಲೆ ಅಲ್ಲಾಡಿಸಿ, ಐದನೆಯದಕ್ಕೆ ಸುಮ್ಮನೆ ಕಣ್ಣು ಮುಚ್ಚಿದಳು. ಅದನ್ನೇ ಸೇರಿಸಿದೆ.

ಈಗ ಒಂದು ಮುಖ್ಯ ಸೂಕ್ಷ್ಮ. ಪ್ಲೇಲಿಸ್ಟ್‌ನ ಸಾದಾ ಲಿಂಕ್ ಬರೆದರೆ ಆ ಪಟ್ಟಿಯ ಪುಟ ತೆರೆಯುತ್ತದೆ, ಹಾಡು ಶುರುವಾಗುವುದಿಲ್ಲ. ಯಾರಾದರೂ ಪ್ಲೇ ಗುಂಡಿ ಒತ್ತಬೇಕು. ಕಣ್ಣು ಚೆನ್ನಾಗಿದ್ದವರಿಗೆ ಅದೇನು ದೊಡ್ಡದಲ್ಲ. ಅವ್ವನಂಥವರಿಗೆ ಅಲ್ಲಿಗೇ ನಿಂತುಹೋಗುತ್ತದೆ. ಯೂಟ್ಯೂಬ್ ಆದರೆ ಸುಲಭದ ದಾರಿ ಇದೆ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ನಿಮ್ಮ ಪ್ಲೇಲಿಸ್ಟ್ ತೆರೆದು, ಮೊದಲ ಹಾಡಿನ ಮೇಲೆ ಒತ್ತಿ. ಹಾಡು ಶುರುವಾದ ಮೇಲೆ ಮೇಲಿನ ವಿಳಾಸದ ಸಾಲು ನೋಡಿ. ಅದರಲ್ಲಿ 'ವಾಚ್' ಅನ್ನುವ ಪದ, ಹಾಡಿನ ಗುರುತು, ಆಮೇಲೆ 'ಲಿಸ್ಟ್' ಅಂತ ಬಂದು ಪಟ್ಟಿಯ ಗುರುತು, ಮೂರೂ ಇರುತ್ತವೆ. ಆ ಪೂರ್ತಿ ವಿಳಾಸ ಕಾಪಿ ಮಾಡಿ ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಇದನ್ನು ಟ್ಯಾಗ್‌ಗೆ ಬರೆದರೆ ಮೊದಲ ಹಾಡು ತಾನಾಗಿ ಶುರುವಾಗಿ, ಉಳಿದವು ಹಿಂದೆಯೇ ಬರುತ್ತವೆ. ಇದೂ ನೂರು ಬೈಟ್ ದಾಟುವುದಿಲ್ಲ.

ಪ್ಲೇಲಿಸ್ಟ್ ಮಾಡುವಾಗ ಯಾರು ನೋಡಬಹುದು ಅಂತ ಕೇಳುತ್ತದೆ. 'ಪ್ರೈವೇಟ್' ಅಂತ ಬಿಟ್ಟರೆ ನಿಮ್ಮ ಅಕೌಂಟ್ ಇಲ್ಲದ ಫೋನಿನಲ್ಲಿ ತೆರೆಯುವುದಿಲ್ಲ. 'ಅನ್‌ಲಿಸ್ಟೆಡ್' ಇಡಿ. ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ.

ಟ್ಯಾಗ್‌ಗೆ ಬರೆಯುವುದು

ಎನ್‌ಎಫ್‌ಸಿ ಟೂಲ್ಸ್ ಅನ್ನುವ ಉಚಿತ ಆ್ಯಪ್ ಹಾಕಿಕೊಳ್ಳಿ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ.

1. ಆ್ಯಪ್ ತೆರೆದು 'ರೈಟ್' ಒತ್ತಿ.
2. 'ಆ್ಯಡ್ ಎ ರೆಕಾರ್ಡ್' ಒತ್ತಿ, ಬರುವ ಪಟ್ಟಿಯಲ್ಲಿ 'ಯುಆರ್‌ಎಲ್' ಆರಿಸಿ.
3. ಕಾಪಿ ಮಾಡಿದ ಲಿಂಕ್ ಅಂಟಿಸಿ. ಶುರುವಿನ ಎಚ್‌ಟಿಟಿಪಿಎಸ್ ಎರಡು ಸಲ ಬಂದಿಲ್ಲ ಅಂತ ನೋಡಿಕೊಳ್ಳಿ. ಆ್ಯಪ್ ತಾನೇ ಒಂದನ್ನು ಹಾಕಿರುತ್ತದೆ, ನಾವು ಅಂಟಿಸಿದಾಗ ಇನ್ನೊಂದು ಸೇರುತ್ತದೆ. ಮೊದಲ ಸಲ ಎಲ್ಲರೂ ಎಡವುವುದು ಇಲ್ಲೇ.
4. ಓಕೆ ಒತ್ತಿ. ಆಮೇಲೆ 'ರೈಟ್' ಗುಂಡಿಯ ಪಕ್ಕ ಎಷ್ಟು ಬೈಟ್ ಅಂತ ತೋರಿಸುತ್ತದೆ. 144ರ ಒಳಗಿದ್ದರೆ ಒತ್ತಿ.
5. ಟ್ಯಾಗ್ ಅನ್ನು ಫೋನಿನ ಬೆನ್ನಿಗೆ ಮುಟ್ಟಿಸಿ, ಬರೆದು ಮುಗಿಯಿತು ಅಂತ ಬರುವ ತನಕ ಅಲ್ಲಾಡಿಸದೆ ಹಿಡಿಯಿರಿ. ಒಂದೆರಡು ಸೆಕೆಂಡ್ ಸಾಕು.

ಈಗ ಆ್ಯಪ್ ಮುಚ್ಚಿ ಹೊರಗೆ ಬಂದು, ಟ್ಯಾಗ್ ಮತ್ತೆ ಮುಟ್ಟಿಸಿ. ಯೂಟ್ಯೂಬ್ ತೆರೆದು ಹಾಡು ಬಂದರೆ ಗೆದ್ದಿರಿ. ಆ್ಯಪ್ ಬದಲು ಬ್ರೌಸರ್ ತೆರೆದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಯೂಟ್ಯೂಬ್, ಅದರಲ್ಲಿ 'ಓಪನ್ ಬೈ ಡಿಫಾಲ್ಟ್' ಅಂತ ಹೋಗಿ ಲಿಂಕ್‌ಗಳನ್ನು ತೆರೆಯಲು ಅನುಮತಿ ಕೊಡಿ.

ಇದೇ ಆ್ಯಪ್‌ನಲ್ಲಿ 'ಲಾಕ್ ಟ್ಯಾಗ್' ಅಂತ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಆ ಟ್ಯಾಗ್ ಮತ್ತೆ ಯಾವತ್ತೂ ಬದಲಿಸಲು ಬರುವುದಿಲ್ಲ. ಮನೆಯೊಳಗಿನ ಕಾರ್ಡ್‌ಗೆ ಲಾಕ್ ಬೇಡವೇ ಬೇಡ. ಅಂಗಡಿ, ಗುಡಿ, ಶಾಲೆಯಂಥ ನಾಲ್ಕು ಜನ ಓಡಾಡುವ ಜಾಗದಲ್ಲಿ ಅಂಟಿಸುವುದಾದರೆ ಮಾತ್ರ ಲಾಕ್ ಮಾಡಿ. ಇಲ್ಲದಿದ್ದರೆ ಯಾರು ಬೇಕಾದರೂ ತಮ್ಮ ಫೋನಿನಿಂದ ಬೇರೆ ಲಿಂಕ್ ಬರೆದು ಹೋಗಬಹುದು. ಇದೇ ಕಾರಣಕ್ಕೆ ನೀವೂ ಗುರುತಿಲ್ಲದ ಜಾಗದಲ್ಲಿ ಅಂಟಿಸಿದ ಟ್ಯಾಗ್‌ಗೆ ಫೋನ್ ಮುಟ್ಟಿಸಬೇಡಿ.

ಸ್ಪಾಟಿಫೈ ಬಳಸುವವರಿಗೆ, ಐಫೋನ್ ಇದ್ದವರಿಗೆ

ಸ್ಪಾಟಿಫೈ ಅಥವಾ ಜಿಯೋಸಾವನ್ ಬಳಸುವವರು ಪ್ಲೇ ಗುಂಡಿಯನ್ನು ತಾನಾಗಿ ಒತ್ತಿಸಬೇಕಾದರೆ ಆಂಡ್ರಾಯ್ಡ್‌ನಲ್ಲಿ ಮ್ಯಾಕ್ರೊಡ್ರಾಯ್ಡ್ ಅನ್ನುವ ಆ್ಯಪ್ ಇದೆ. ಅದರಲ್ಲಿ ಹೊಸ ಮ್ಯಾಕ್ರೊ (ಫೋನ್ ತಾನಾಗಿ ಮಾಡಬೇಕಾದ ಕೆಲಸಗಳ ಪಟ್ಟಿ) ಮಾಡಿ, ಶುರುವಾಗಲು ಕಾರಣ ಎನ್‌ಎಫ್‌ಸಿ ಟ್ಯಾಗ್ ಅಂತ ಆರಿಸಿ. ಅದು ಕೇಳಿದಾಗ ಟ್ಯಾಗ್ ಮುಟ್ಟಿಸಿದರೆ ತನ್ನ ಗುರುತು ಬರೆದುಕೊಳ್ಳುತ್ತದೆ. ಆಮೇಲೆ ಕೆಲಸಗಳನ್ನು ಒಂದರ ಕೆಳಗೆ ಒಂದು ಸೇರಿಸಿ: ವಾಲ್ಯೂಮ್ ಇಷ್ಟಿರಲಿ, ಈ ಪ್ಲೇಲಿಸ್ಟ್ ಲಿಂಕ್ ತೆರೆ, ಐದು ಸೆಕೆಂಡ್ ಕಾಯು, ಪ್ಲೇ ಒತ್ತು. ನಡುವಿನ ಕಾಯುವುದನ್ನು ಬಿಡಬೇಡಿ. ಹಳೆ ಫೋನಿಗೆ ಆ್ಯಪ್ ತೆರೆಯಲು ಸಮಯ ಬೇಕು. ಉಚಿತ ಆವೃತ್ತಿಯಲ್ಲಿ 5 ಮ್ಯಾಕ್ರೊ ಮಾಡಬಹುದು.

ಐಫೋನ್‌ನಲ್ಲಿ ಟ್ಯಾಗ್‌ಗೆ ಲಿಂಕ್ ಬರೆದರೆ ಪರದೆ ಮೇಲೆ ಒಂದು ಸೂಚನೆ ಬರುತ್ತದೆ, ಅದನ್ನು ಒತ್ತಬೇಕು. ಅದು ಬೇಡವೆಂದರೆ ಶಾರ್ಟ್‌ಕಟ್ಸ್ ಆ್ಯಪ್ ತೆರೆಯಿರಿ. 'ಆಟೊಮೇಷನ್'ಗೆ ಹೋಗಿ, ಹೊಸದು ಸೇರಿಸಿ, 'ಎನ್‌ಎಫ್‌ಸಿ' ಆರಿಸಿ, ಸ್ಕ್ಯಾನ್ ಒತ್ತಿ ಟ್ಯಾಗ್ ಮುಟ್ಟಿಸಿ, ಒಂದು ಹೆಸರು ಕೊಡಿ. 'ರನ್ ಇಮಿಡಿಯೆಟ್ಲಿ' ಆರಿಸುವುದು ಮರೆಯಬೇಡಿ. ಆಮೇಲೆ ಆ್ಯಪಲ್ ಮ್ಯೂಸಿಕ್ ಇದ್ದರೆ 'ಪ್ಲೇ ಮ್ಯೂಸಿಕ್', ಇಲ್ಲದಿದ್ದರೆ 'ಓಪನ್ ಯುಆರ್‌ಎಲ್' ಸೇರಿಸಿ. ಇಲ್ಲಿ ಟ್ಯಾಗ್ ಖಾಲಿ ಇದ್ದರೂ ನಡೆಯುತ್ತದೆ, ಏಕೆಂದರೆ ಪ್ರತಿ ಟ್ಯಾಗ್‌ಗೂ ಹುಟ್ಟಿನಿಂದ ಬಂದ ಒಂದು ನಂಬರ್ ಇರುತ್ತದೆ, ಫೋನ್ ಅದನ್ನೇ ಗುರುತು ಹಿಡಿಯುತ್ತದೆ. ಆದರೆ ಆ ಏರ್ಪಾಡು ಆ ಒಂದು ಐಫೋನ್‌ನಲ್ಲಿ ಮಾತ್ರ. ಲಿಂಕ್ ಬರೆದ ಕಾರ್ಡ್ ಆದರೆ ಯಾರ ಫೋನಿಗಾದರೂ ಆದೀತು. ನನಗೆ ಲಿಂಕ್ ಬರೆದದ್ದೇ ಹಿಡಿಸಿತು. ಅವ್ವ ತಂಗಿಯ ಮನೆಗೆ ಬೀದರಿಗೆ ಹೋಗುವಾಗ ಕಾರ್ಡ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾಳೆ, ಅಲ್ಲಿಯ ಫೋನಿಗೂ ಮುಟ್ಟಿಸುತ್ತಾಳೆ.

ಕಾರ್ಡ್ ಮಾಡುವ ಕೆಲಸ

ಇಡೀ ಏರ್ಪಾಡಿನಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಬರೀ ಸ್ಟಿಕರ್ ಕೊಟ್ಟರೆ ಎಲ್ಲವೂ ಒಂದೇ ರೀತಿ, ಯಾವುದು ಯಾವುದು ಅಂತ ಗೊತ್ತಾಗಬೇಕಲ್ವಾ?

ಮನೆಯಲ್ಲಿ ಕೂಡಿಟ್ಟ ಲಗ್ನಪತ್ರಿಕೆಗಳನ್ನು ತೆಗೆದೆ. ಒಳ್ಳೆಯ ದಪ್ಪ ರಟ್ಟು ಅದು. ಎಟಿಎಂ ಕಾರ್ಡಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಎರಡು ತುಂಡಿನ ನಡುವೆ ಸ್ಟಿಕರ್ ಇಟ್ಟು ಫೆವಿಕಾಲ್ ಹಚ್ಚಿ, ಮೇಲೆ ಒಂದು ಭಾರದ ಪುಸ್ತಕ ಇಟ್ಟು ರಾತ್ರಿಯಿಡೀ ಬಿಟ್ಟೆ. ಬಂಗಾರದ ಬಣ್ಣದಲ್ಲಿ ಹೊಳೆಯುವ ಅಕ್ಷರ, ಚಿತ್ರ ಇರುವ ಭಾಗ ಬಳಸಬೇಡಿ. ಆ ಹೊಳಪಿನಲ್ಲಿ ಲೋಹದ ತೆಳು ಪದರ ಇರುತ್ತದೆ, ಓದಲು ಅಡ್ಡಿಯಾಗಬಹುದು.

ಆಮೇಲೆ ಪ್ರತಿ ಕಾರ್ಡ್‌ಗೂ ಕೈಗೆ ತಿಳಿಯುವ ಒಂದು ಗುರುತು. ವಚನದ ಕಾರ್ಡ್ ಮೇಲೆ ಐದು ಜೋಳದ ಕಾಳು ಸಾಲಾಗಿ ಅಂಟಿಸಿದೆ. ತತ್ವಪದಕ್ಕೆ ತೊಗರಿ ಕಾಳು. ಭಜನೆಗೆ ಒಂದು ಚಿಕ್ಕ ಗುಂಡಿ. ಸಿನಿಮಾ ಹಾಡಿಗೆ ಅವ್ವನ ಹಳೆ ಇಳಕಲ್ ಸೀರೆಯ ಅಂಚಿನ ತುಂಡು. ಖವ್ವಾಲಿಗೆ ಮಖಮಲ್ ಬಟ್ಟೆ. ಯಾವುದಕ್ಕೆ ಏನು ಅಂತ ಅವ್ವನೇ ಹೇಳಿದಳು. "ತತ್ವಪದ ಅಂದ್ರ ನಮ್ಮಪ್ಪ ತೊಗರಿ ಹೊಲದಾಗ ಹಾಡ್ತಿದ್ದ, ಅದಕ್ಕ ತೊಗರಿನೇ ಹಚ್ಚು" ಅಂದಳು. ನಾನು ನಂಬರ್ ಬರೆಯೋಣ ಅಂತಿದ್ದೆ. ಅವಳ ದಾರಿ ಎಷ್ಟೋ ಚೆನ್ನಾಗಿತ್ತು. ಕಾಳಿಗೆ ನುಸಿ ಹತ್ತದಂತೆ ಮೇಲೆ ಎರಡು ಸಲ ಫೆವಿಕಾಲ್ ಬಳಿಯಿರಿ, ಒಣಗಿದರೆ ಗಾಜಿನಂತೆ ಆಗುತ್ತದೆ. ಗುಂಡಿ ಪ್ಲಾಸ್ಟಿಕ್‌ನದೇ ಇರಲಿ.

ಹಳೆ ಫೋನ್ ಮತ್ತು ಸ್ಪೀಕರ್

ಇದಕ್ಕೆ ಬೇರೆ ಫೋನ್ ಇದ್ದರೆ ಒಳ್ಳೆಯದು. ಆಂಡ್ರಾಯ್ಡ್ ಫೋನ್ ಟ್ಯಾಗ್ ಓದಬೇಕಾದರೆ ಪರದೆ ಬೆಳಗಿರಬೇಕು, ಲಾಕ್ ತೆರೆದಿರಬೇಕು. ಅದಕ್ಕೆ ಸ್ಕ್ರೀನ್ ಲಾಕ್ 'ನನ್' (None), ಅಂದರೆ ಲಾಕೇ ಬೇಡ ಅಂತ ಇಟ್ಟಿದ್ದೇನೆ. ಪವರ್ ಗುಂಡಿ ಮೇಲೆ ಚೂರು ಎಂ-ಸೀಲ್ ಹಚ್ಚಿ ಉಬ್ಬು ಮಾಡಿದ್ದೇನೆ. ಅವ್ವ ಗುಂಡಿ ಒತ್ತುತ್ತಾಳೆ, ಟಿಕಳಿಗೆ ಕಾರ್ಡ್ ಮುಟ್ಟಿಸುತ್ತಾಳೆ. ಎರಡೇ ಕೆಲಸ. ಫೋನ್ ಕಟ್ಟಿಗೆಯ ಸ್ಟ್ಯಾಂಡ್‌ನಲ್ಲಿದೆ. ಪರದೆ ಗೋಡೆ ಕಡೆ, ಬೆನ್ನು ಅವ್ವನ ಕಡೆ. ಅವಳಿಗೆ ಪರದೆ ಬೇಕಾಗಿಯೇ ಇಲ್ಲ.

ಲಾಕ್ ಇಲ್ಲದ ಫೋನ್ ಅಂದ ಮೇಲೆ ಎಚ್ಚರ ಬೇಕು. ಆ ಫೋನಿನಲ್ಲಿ ಫೋನ್‌ಪೇ, ಗೂಗಲ್‌ಪೇ, ಬ್ಯಾಂಕ್ ಆ್ಯಪ್ ಯಾವುದೂ ಇರಬಾರದು. ನಿಮ್ಮ ಮುಖ್ಯ ಗೂಗಲ್ ಅಕೌಂಟ್ ಕೂಡ ಬೇಡ. ಹಾಡಿಗೆಂದೇ ಬೇರೆ ಅಕೌಂಟ್ ಮಾಡಿ. ಒಟಿಪಿ ಬರುವ ಸಿಮ್ ಅಂತೂ ಹಾಕಲೇಬೇಡಿ.

ಇನ್ನು ನಮ್ಮ ಊರಿನ ಬಿಸಿಲು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಆ್ಯಪಲ್ ತನ್ನ ಐಫೋನ್ ಬಳಸಲು ಹೇಳಿರುವ ಮಿತಿಯೇ 35 ಡಿಗ್ರಿ. ದಿನವಿಡೀ ಚಾರ್ಜರ್‌ಗೆ ಸಿಕ್ಕಿಸಿ ಬಿಟ್ಟರೆ ಹಳೆ ಬ್ಯಾಟರಿ ಉಬ್ಬುವ ಅಪಾಯ ಇದೆ. ನಾವು ಬೆಳಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ಮಾತ್ರ ಚಾರ್ಜ್ ಮಾಡುತ್ತೇವೆ. ಕಿಟಕಿ ಹತ್ತಿರ, ಟಿವಿ ಮೇಲೆ ಇಡುವುದಿಲ್ಲ. ಬೆನ್ನು ಉಬ್ಬಿದಂತೆ ಕಂಡರೆ ಆ ಫೋನ್ ಅಂದೇ ಬಿಟ್ಟುಬಿಡಿ.

ಸ್ಪೀಕರ್ ಬ್ಲೂಟೂತ್‌ನದು. ಒಂದು ಸಲ ಜೋಡಿಸಿದರೆ ಆನ್ ಮಾಡಿದಾಗೆಲ್ಲ ತಾನೇ ಸೇರಿಕೊಳ್ಳುತ್ತದೆ. ಕೊಳ್ಳುವಾಗ ಮೇಲೆ ದೊಡ್ಡ ಪ್ಲೇ ಗುಂಡಿ ಇರುವುದನ್ನೇ ಆರಿಸಿ. ಹಾಡು ಶುರು ಮಾಡುವಷ್ಟೇ ಮುಖ್ಯ ಅದನ್ನು ನಿಲ್ಲಿಸುವುದು. ಯಾರೋ ಮಾತಾಡಿಸಲು ಬಂದಾಗ ಹಾಡು ನಿಲ್ಲಿಸಲು ಬರದೆ ಅವ್ವ ಗಾಬರಿಯಾಗಿದ್ದಳು. ಆ ಮೇಲೆ ಸ್ಪೀಕರ್ ಬದಲಿಸಿದೆ. ಮ್ಯಾಕ್ರೊಡ್ರಾಯ್ಡ್ ಬಳಸುವವರು ಹಾಡು ನಿಲ್ಲಿಸಲೆಂದೇ ಒಂದು ಕಾರ್ಡ್ ಮಾಡಬಹುದು.

ಡೇಟಾ ಬಗ್ಗೆ ಒಂದು ಮಾತು. ಸ್ಪಾಟಿಫೈಯಲ್ಲಿ 'ನಾರ್ಮಲ್' ಗುಣಮಟ್ಟ ಅಂದರೆ ಸೆಕೆಂಡಿಗೆ 96 ಕಿಲೋಬಿಟ್. ಗಂಟೆಗೆ ಸುಮಾರು 43 ಎಂಬಿ ಆಗುತ್ತದೆ. 'ಹೈ' ಅಂದರೆ 160 ಕಿಲೋಬಿಟ್, ಗಂಟೆಗೆ 72 ಎಂಬಿ. ಯೂಟ್ಯೂಬ್ ವಿಡಿಯೊ ಸಮೇತ ಬರುವುದರಿಂದ ಇದಕ್ಕಿಂತ ಎಷ್ಟೋ ಜಾಸ್ತಿ. ವಿಡಿಯೊ ಗುಣಮಟ್ಟವನ್ನು ತೀರ ಕೆಳಗೆ ಇಳಿಸಿ. ಹಣ ಕಟ್ಟದ ಯೂಟ್ಯೂಬ್‌ನಲ್ಲಿ ಪರದೆ ಆರಿಸಿದರೆ ಹಾಡು ನಿಲ್ಲುತ್ತದೆ, ನಡುವೆ ಜಾಹೀರಾತೂ ಬರುತ್ತದೆ. ವಚನದ ನಡುವೆ ಜಾಹೀರಾತು ಕೂಗಿಕೊಂಡರೆ ಅವ್ವ ತಾನೇ ಏನೋ ಕೆಡಿಸಿದೆ ಅಂದುಕೊಳ್ಳುತ್ತಿದ್ದಳು. ಎರಡು ತಿಂಗಳಾದ ಮೇಲೆ ನಾನು ಹಣ ಕಟ್ಟುವ ಪ್ಲಾನ್ ತೆಗೆದುಕೊಂಡೆ. ನನ್ನ ಕೇಳಿದರೆ, ಹಿರಿಯರಿಗೆ ಮಾಡುವುದಾದರೆ ಇದಕ್ಕೆ ಲೆಕ್ಕ ಹಾಕಬೇಡಿ.

ಓದದಿದ್ದರೆ ಏನು ನೋಡಬೇಕು

ನೂರಕ್ಕೆ ತೊಂಬತ್ತು ಸಲ ಕಾರಣ ಲೋಹ. ಮೊದಲು ನಾನು ಟ್ಯಾಗ್‌ಗಳನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆ ಅಂಟಿಸಿದ್ದೆ. ಚಹಾಪುಡಿ ಡಬ್ಬಿಗೆ ಒಂದು, ಸಕ್ಕರೆ ಡಬ್ಬಿಗೆ ಒಂದು. ಒಂದೂ ಓದಲಿಲ್ಲ. ಕಬ್ಬಿಣದ ಅಲ್ಮಾರಿಯದೂ ಅದೇ ಕಥೆ. ಫೋನಿನಿಂದ ಟ್ಯಾಗ್‌ಗೆ ಹೋಗಬೇಕಾದ ಶಕ್ತಿಯನ್ನು ಹಿಂದಿರುವ ಲೋಹವೇ ಕೆಡಿಸಿಬಿಡುತ್ತದೆ. ಲೋಹದ ಮೇಲೇ ಅಂಟಿಸಬೇಕು ಅಂದರೆ 'ಆನ್ ಮೆಟಲ್' ಅಂತ ಬೇರೆ ಟ್ಯಾಗ್ ಸಿಗುತ್ತದೆ, ಅದರ ಹಿಂದೆ ಲೋಹದ ಅಡ್ಡಿ ತಡೆಯುವ ಫೆರೈಟ್ ಅನ್ನುವ ಪದರ ಇರುತ್ತದೆ.

ತಂಗಿ ಕಾರ್ಡ್ ಇಡಲು ಅಂತ ಬೀದರಿನಿಂದ ಒಂದು ಬಿದ್ರಿ ಪೆಟ್ಟಿಗೆ ಕೊಟ್ಟಳು. ಬಿದ್ರಿ ಅಂದರೆ ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಬೆಳ್ಳಿಯ ಕುಸುರಿ. ಬೀದರ್ ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಅದ್ದಿದರೆ ಆ ಕಪ್ಪು ಬಣ್ಣ ಬರುತ್ತದೆ. ಕಾರ್ಡ್‌ಗಳಿಗೆ ಅದಕ್ಕಿಂತ ಚೆಂದದ ಮನೆ ಬೇರೆ ಇಲ್ಲ. ಆದರೆ ಒಂದು ದಿನ ಮಗಳು ಫೋನನ್ನು ಅದೇ ಪೆಟ್ಟಿಗೆಗೆ ಒರಗಿಸಿ ಇಟ್ಟಿದ್ದಳು. "ಇವತ್ತ ಹಾಡೇ ಬರವಲ್ದಲ್ಲೋ" ಅಂತ ಅವ್ವ ನನಗೆ ಫೋನ್ ಮಾಡಿಸಿದಳು. ಪೆಟ್ಟಿಗೆ ಒಂದು ಗೇಣು ದೂರ ಸರಿಸಿದ ಮೇಲೆ ಸರಿಯಾಯಿತು.

ಬೇರೆ ಕಾರಣಗಳು ಚಿಕ್ಕವು. ಫೋನ್ ಕವರ್‌ನಲ್ಲಿ ಮ್ಯಾಗ್ನೆಟ್, ಉಂಗುರ, ಎಟಿಎಂ ಕಾರ್ಡ್ ಇದ್ದರೆ ತೆಗೆಯಿರಿ. ಎರಡು ಕಾರ್ಡ್ ಒಂದಕ್ಕೊಂದು ಅಂಟಿಕೊಂಡು ಬಂದರೆ ಫೋನ್ ಗೊಂದಲಕ್ಕೆ ಬೀಳುತ್ತದೆ, ಒಂದನ್ನೇ ಹಿಡಿಯಿರಿ. ಸ್ಟಿಕರ್ ಮಡಚಿದರೆ ಒಳಗಿನ ತಂತಿ ಹರಿಯುತ್ತದೆ, ಅದನ್ನು ಸರಿ ಮಾಡಲು ಬರುವುದಿಲ್ಲ. ಟ್ಯಾಗ್ ಓದಿತು ಆದರೆ ಹಾಡು ಬರಲಿಲ್ಲ ಅಂದರೆ ಇಂಟರ್ನೆಟ್ ನೋಡಿ. ಕರೆಂಟ್ ಹೋದಾಗ ಮನೆಯ ವೈಫೈ ನಿಲ್ಲುತ್ತದೆ. ಆ ಫೋನಿನಲ್ಲಿ ಡೇಟಾ ಸಿಮ್ ಒಂದು ಇದ್ದರೆ ಹಾಡು ನಿಲ್ಲುವುದಿಲ್ಲ.

ಎನ್‌ಎಫ್‌ಸಿ ಇಲ್ಲದ ಫೋನಿಗೆ

ಕಾಯಿಪಲ್ಲೆ ಗಾಡಿಯಲ್ಲೂ ಕ್ಯೂಆರ್ ಕೋಡ್ ಇರುವ ಕಾಲ ಇದು, ಹೇಳಿಕೊಡಬೇಕಾಗಿಲ್ಲ. ಅದೇ ಲಿಂಕನ್ನು ಫೋನಿನ ಕ್ರೋಮ್‌ನಲ್ಲಿ ತೆರೆದು, ಶೇರ್ ಒತ್ತಿ, 'ಕ್ಯೂಆರ್ ಕೋಡ್' ಆರಿಸಿದರೆ ಚಿತ್ರ ಸಿಗುತ್ತದೆ. ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಪ್ರಿಂಟ್ ಮಾಡಿಸಿ ಲ್ಯಾಮಿನೇಟ್ ಮಾಡಿಸಿ. ಕ್ಯಾಮೆರಾ ಹಿಡಿದರೆ ಲಿಂಕ್ ಬರುತ್ತದೆ, ಒತ್ತಿದರೆ ಹಾಡು. ಮಕ್ಕಳಿಗೆ ಇದು ಸಾಕು. ಕಣ್ಣು ಕಾಣದವರಿಗೆ ಕ್ಯಾಮೆರಾ ನೇರ ಹಿಡಿಯುವುದೇ ಕಷ್ಟ, ಹಾಗಾಗಿ ಅವರಿಗೆ ಎನ್‌ಎಫ್‌ಸಿಯೇ ಸರಿ.

ನಿಮ್ಮದೇ ದನಿಗೂ ಕಾರ್ಡ್ ಮಾಡಬಹುದು

ಅಪ್ಪ ತೀರಿಕೊಂಡು ಆರು ವರ್ಷ. ಏಕಾದಶಿ ಭಜನೆಯಲ್ಲಿ ಅವರು ಹಾಡಿದ ಹನ್ನೊಂದು ನಿಮಿಷದ ರೆಕಾರ್ಡಿಂಗ್ ನನ್ನ ಹಳೆ ಮೆಮೊರಿ ಕಾರ್ಡ್‌ನಲ್ಲಿತ್ತು. ಯೂಟ್ಯೂಬ್ ಬರೀ ಆಡಿಯೊ ಫೈಲ್ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಫೋನಿನ ವಿಡಿಯೊ ಎಡಿಟರ್‌ನಲ್ಲಿ ಅಪ್ಪನ ಒಂದು ಫೋಟೊ ಇಟ್ಟು, ಅದರ ಕೆಳಗೆ ಆ ದನಿ ಸೇರಿಸಿ ವಿಡಿಯೊ ಮಾಡಿದೆ. 'ಅನ್‌ಲಿಸ್ಟೆಡ್' ಅಂತ ಹಾಕಿದೆ. ಮೂಲ ಫೈಲ್ ಅನ್ನು ಬೇರೆ ಎರಡು ಕಡೆ ಉಳಿಸಿದೆ, ನೀವೂ ಉಳಿಸಿ. ಆ ಲಿಂಕನ್ನು ಮೇಲೆ ಹೇಳಿದಂತೆಯೇ ಒಂದು ಟ್ಯಾಗ್‌ಗೆ ಬರೆದೆ.

ಆ ಕಾರ್ಡ್ ಮೇಲೆ ಏನು ಅಂಟಿಸಲಿ ಅಂತ ಅವ್ವನನ್ನು ಕೇಳಿದೆ. "ಏನೂ ಬ್ಯಾಡ, ಹಂಗೇ ಇರ್ಲಿ" ಅಂದಳು. ಒಂಬತ್ತರಲ್ಲಿ ನಯವಾಗಿರುವುದು ಅದೊಂದೇ. ಅದನ್ನು ಬಿದ್ರಿ ಪೆಟ್ಟಿಗೆಯಲ್ಲಿ ಇಡುವುದಿಲ್ಲ, ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ. ಮಡಚದಿರಲಿ ಅಂತ ನಾನು ಅದಕ್ಕೆ ಇನ್ನೊಂದು ಪದರ ರಟ್ಟು ಸೇರಿಸಿದ್ದೇನೆ.